ಸೋಂಕು ಸಿಗುತ್ತಿಲ್ಲ, ಬಿಳಿ ರಕ್ತಕಣ ಮಾತ್ರ ಏರುತ್ತಲೇ ಇದೆ: ಅಪ್ಪನಿಗೆ ಲ್ಯುಕೇಮಿಯಾನೂ ಬಂತಾ?

ಪ್ರಶ್ನೆ: ನನ್ನ ತಂದೆಗೆ 67 ವರ್ಷ. ಎರಡೇ ತಿಂಗಳಲ್ಲಿ ಕುತ್ತಿಗೆಯ ಗಂಟು ಮುಷ್ಟಿ ಗಾತ್ರಕ್ಕೆ ಬೆಳೆಯಿತು. ದನಿ ಒಡೆದಿದೆ. ಬಯಾಪ್ಸಿಯಲ್ಲಿ ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್ ಎಂದು ಬಂದಿದೆ. ಮೊದಲ ದಿನ ಬಿಳಿ ರಕ್ತಕಣ 18,000 ಇತ್ತು, ಮೂರು ವಾರದಲ್ಲಿ 52,000 ಆಗಿದೆ. ಅದರಲ್ಲಿ ನ್ಯೂಟ್ರೋಫಿಲ್ 92%, ಬ್ಲಾಸ್ಟ್ (ಬಲಿಯದ ರಕ್ತಕೋಶ) ಇಲ್ಲ ಎಂದು ಬರೆದಿದ್ದಾರೆ. ಹಿಮೋಗ್ಲೋಬಿನ್ 9.8, ಪ್ಲೇಟ್‌ಲೆಟ್ 5.6 ಲಕ್ಷ. ಸಂಜೆಯಾದರೆ ಸಣ್ಣ ಜ್ವರ. ಆಂಟಿಬಯೋಟಿಕ್ ಎರಡು ಸಲ ಬದಲಾಯಿಸಿದರು, ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಮೂಳೆಗಳೆಲ್ಲ ಹೊಳೆಯುತ್ತಿವೆಯಂತೆ. ಇದು ಲ್ಯುಕೇಮಿಯಾನಾ? ಕೌಂಟ್ ಇಳಿಸಲು ಔಷಧ ಇಲ್ವಾ? ಕೌಂಟ್ ಇಳಿಯುವವರೆಗೆ ಕ್ಯಾನ್ಸರ್ ಚಿಕಿತ್ಸೆ ಶುರು ಮಾಡುವುದಿಲ್ಲ ಎನ್ನುತ್ತಿದ್ದಾರೆ. ಕಾಯುವುದು ಸರಿಯಾ?

ಉತ್ತರ: ಲ್ಯುಕೇಮಿಯಾ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ನೀವು ಬರೆದ ವಿವರ ನೋಡಿದರೆ ಅದರ ಸಾಧ್ಯತೆ ತೀರಾ ಕಡಿಮೆ. ಕುತ್ತಿಗೆಯ ಗಡ್ಡೆಯೇ ಮೂಳೆ ಮಜ್ಜೆಯಿಂದ ಈ ಕಣಗಳನ್ನು ಮಾಡಿಸುತ್ತಿದೆ ಅನ್ನುವುದು ಹೆಚ್ಚು ಹೊಂದುತ್ತದೆ. ಹಾಗಂತ ಇದು ನೆಮ್ಮದಿಯ ಸುದ್ದಿಯೂ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ದೊಡ್ಡವರ ರಕ್ತದಲ್ಲಿ ಬಿಳಿ ಕಣಗಳು ಒಂದು ಮೈಕ್ರೋಲೀಟರಿಗೆ ಸುಮಾರು 4,000ದಿಂದ 11,000 ಇರುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ನ್ಯೂಟ್ರೋಫಿಲ್‌ಗಳದು. ಬ್ಯಾಕ್ಟೀರಿಯಾ ಬಂದ ಕಡೆ ಮೊದಲು ಓಡುವ ಕಣಗಳು ಅವು. ಆಯಸ್ಸು ಬಹಳ ಕಡಿಮೆ, ರಕ್ತದಲ್ಲಿ ಸುತ್ತುವುದು ಗಂಟೆಗಳ ಲೆಕ್ಕದಲ್ಲಿ. ಅದಕ್ಕೇ ಮಜ್ಜೆ ದಿನಕ್ಕೆ ಹತ್ತು ಸಾವಿರ ಕೋಟಿಯಷ್ಟು ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತಲೇ ಇರಬೇಕು. ಎಷ್ಟು ತಯಾರಿಸಬೇಕು ಎಂಬುದನ್ನು ಮಜ್ಜೆ ತಾನಾಗಿ ತೀರ್ಮಾನಿಸುವುದಿಲ್ಲ. ಹೊರಗಿನಿಂದ ಸಂದೇಶ ಬರುತ್ತದೆ. ಅಂಥ ಸಂದೇಶಗಳಲ್ಲಿ ಮುಖ್ಯವಾದದ್ದು ಜಿ-ಸಿಎಸ್‌ಎಫ್ ಎಂಬ ಪ್ರೋಟೀನು. ಸೋಂಕು ಬಂದಾಗ ದೇಹ ಇದನ್ನು ಹೆಚ್ಚಿಸುತ್ತದೆ, ಸೋಂಕು ಹೋದ ಮೇಲೆ ಇಳಿಸುತ್ತದೆ.

ಕೆಲವು ಗಡ್ಡೆಗಳು ಈ ಜಿ-ಸಿಎಸ್‌ಎಫ್ ಅನ್ನು ತಾವೇ ಸುರಿಸಲು ಶುರು ಮಾಡುತ್ತವೆ. ಅದರ ಜೊತೆಗೆ ಜಿಎಂ-ಸಿಎಸ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಬೇರೆ ಸಂದೇಶ ಪ್ರೋಟೀನುಗಳೂ ಬರಬಹುದು. ಮಜ್ಜೆಗೆ ಇದು ಅಸಲಿ ಕರೆಯೋ ಸುಳ್ಳು ಕರೆಯೋ ಗೊತ್ತಾಗುವುದಿಲ್ಲ. ಅದು ಪಾಪ ಹೇಳಿದಷ್ಟು ಕೆಲಸ ಮಾಡುತ್ತದೆ. ಸೋಂಕಿನ ಕರೆಯಾದರೆ ಒಂದು ದಿನ ನಿಲ್ಲುತ್ತದೆ. ಗಡ್ಡೆಯ ಕರೆ ನಿಲ್ಲುವುದಿಲ್ಲ, ಗಡ್ಡೆ ಬೆಳೆದಷ್ಟೂ ಜೋರಾಗುತ್ತದೆ. ನಿಮ್ಮ ತಂದೆಯ ಕೌಂಟ್ 18,000ದಿಂದ 52,000ಕ್ಕೆ ಏರಿದ್ದು, ಗಂಟು ಬೆಳೆದದ್ದು, ಎರಡೂ ಒಟ್ಟೊಟ್ಟಿಗೆ ಆಯಿತು ಅಲ್ವಾ? ಅದು ಗಮನಿಸಬೇಕಾದ ಸುಳಿವು.

ಇಲ್ಲೊಂದು ಸ್ವಾರಸ್ಯದ ಮಾತು. ಕೀಮೋ ಆದವರಿಗೆ ಕೌಂಟ್ ಬಿದ್ದಾಗ ಕೊಡುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಇದೆಯಲ್ಲ, ಅದೂ ಜಿ-ಸಿಎಸ್‌ಎಫ್‌ನದೇ ರೂಪ. 1986ರಲ್ಲಿ ಜಪಾನಿನ ಶಿಗೆಕಾಜು ನಗಾತ ಮತ್ತು ಸಂಗಡಿಗರು ಮನುಷ್ಯರ ಜಿ-ಸಿಎಸ್‌ಎಫ್ ಜೀನನ್ನು ಹಿಡಿದದ್ದು ಕ್ಯಾನ್ಸರ್ ಕೋಶಗಳಿಂದಲೇ. ಆ ಕೋಶಗಳು ಈ ಪ್ರೋಟೀನನ್ನು ಧಾರಾಳವಾಗಿ ಸುರಿಸುತ್ತಿದ್ದವು. ಐದು ವರ್ಷದೊಳಗೆ, 1991ರಲ್ಲಿ, ಅಮೆರಿಕದಲ್ಲಿ ಅದು ಔಷಧವಾಗಿ ಒಪ್ಪಿಗೆ ಪಡೆಯಿತು. ನಿಮ್ಮ ತಂದೆಗೆ ಆಗುತ್ತಿರುವುದನ್ನು ಹೀಗೂ ಹೇಳಬಹುದು: ಯಾರೋ ದಿನವೂ ಕೇಳದೆ ಆ ಇಂಜೆಕ್ಷನ್ ಚುಚ್ಚುತ್ತಿದ್ದಾರೆ.

ಕೌಂಟ್ 50,000 ದಾಟಿ, ಅದು ರಕ್ತದ ಕ್ಯಾನ್ಸರ್ ಅಲ್ಲದಿದ್ದರೆ, ಅದನ್ನು ಲ್ಯುಕೀಮಾಯ್ಡ್ ರಿಯಾಕ್ಷನ್ ಎನ್ನುವುದು ರೂಢಿ. ಅಂದರೆ ನೋಡಲು ಲ್ಯುಕೇಮಿಯಾ ಥರ, ಆದರೆ ಲ್ಯುಕೇಮಿಯಾ ಅಲ್ಲ. ಹೆಸರೇ ಜನರನ್ನು ಹೆದರಿಸುತ್ತದೆ. ರಿಪೋರ್ಟಿನಲ್ಲಿ ಆ ಪದ ನೋಡಿ ಎಷ್ಟೋ ಮನೆಯವರು ಅತ್ತುಬಿಟ್ಟಿದ್ದಾರೆ.

ಅನಾಪ್ಲಾಸ್ಟಿಕ್ ಕ್ಯಾನ್ಸರಿನಲ್ಲಿ ಇದು ಯಾಕೆ ಆಗುತ್ತದೆ? ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದರ ಪಾಲು 1ರಿಂದ 2 ಶೇಕಡ ಇರಬಹುದು, ಅಷ್ಟೆ. ಆದರೆ ಥೈರಾಯ್ಡ್ ಕೋಶದ ಗುರುತನ್ನೇ ಕಳೆದುಕೊಂಡ ಕ್ಯಾನ್ಸರ್ ಇದು. ಅಯೋಡಿನ್ ಹೀರುವುದಿಲ್ಲ, ಹಾಗಾಗಿ ರೇಡಿಯೋ ಅಯೋಡಿನ್ ಕೆಲಸ ಮಾಡುವುದಿಲ್ಲ. ಥೈರಾಯ್ಡಿನ ಕೆಲಸ ಮರೆತ ಕೋಶ ತನ್ನದಲ್ಲದ ಪ್ರೋಟೀನುಗಳನ್ನು ಮಾಡಲು ಕಲಿಯುತ್ತದೆ. ಜೊತೆಗೆ ಈ ಗಡ್ಡೆಯೊಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಕಿಕ್ಕಿರಿದಿರುತ್ತವೆ. ಗಡ್ಡೆಯ ನಡುಭಾಗ ರಕ್ತ ಸಾಲದೆ ಸಾಯುತ್ತಿರುತ್ತದೆ. ಉರಿಯೂತದ ಸಂದೇಶಗಳಿಗೆ ಇದಕ್ಕಿಂತ ಬೇರೆ ಮನೆ ಬೇಕೇ?

ನೀವು ಬರೆದ ಉಳಿದ ಅಂಕಿಗಳೂ ಇದೇ ಕಥೆ ಹೇಳುತ್ತಿವೆ. ಇಂಟರ್‌ಲ್ಯೂಕಿನ್-6 ಪ್ಲೇಟ್‌ಲೆಟ್ ಏರಿಸುತ್ತದೆ, ಹಿಮೋಗ್ಲೋಬಿನ್ ಇಳಿಸುತ್ತದೆ, ಸಂಜೆ ಜ್ವರ ಬರಿಸುತ್ತದೆ, ಹಸಿವು ಕೊಲ್ಲುತ್ತದೆ. ಉರಿಯೂತ ಇದ್ದಾಗ ರಕ್ತದಲ್ಲಿ ಹೆಚ್ಚುವ ಸಿಆರ್‌ಪಿ ಎಂಬ ಪ್ರೋಟೀನನ್ನೂ ಏರಿಸುತ್ತದೆ. ಹಾಗಾಗಿ "ಸಿಆರ್‌ಪಿ ಜಾಸ್ತಿ ಇದೆ, ಎಲ್ಲೋ ಸೋಂಕು ಇರಲೇಬೇಕು" ಎಂಬ ತರ್ಕ ಈ ರೋಗಿಗಳಲ್ಲಿ ನಿಲ್ಲುವುದಿಲ್ಲ. ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಹರಡಿ ನೋಡುವ ರಕ್ತದ ಹನಿಯಲ್ಲಿ) ಕಾಣುವ ಎಳೆಯ ನ್ಯೂಟ್ರೋಫಿಲ್‌ಗಳು ಮತ್ತು ಅವುಗಳೊಳಗಿನ ಕಪ್ಪು ಹರಳುಗಳೂ ಅಷ್ಟೆ. ಜಿ-ಸಿಎಸ್‌ಎಫ್ ಎಲ್ಲಿಂದ ಬಂದರೂ ಅವು ಕಾಣಿಸಿಕೊಳ್ಳುತ್ತವೆ. ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತ ಪರೀಕ್ಷೆ ಸ್ವಲ್ಪ ಹೆಚ್ಚು ನೆರವಿಗೆ ಬರುತ್ತದೆ. ಅದು ಕಡಿಮೆ ಇದ್ದರೆ ದೊಡ್ಡ ಬ್ಯಾಕ್ಟೀರಿಯಾ ಸೋಂಕಿನ ಸಂಶಯ ತಗ್ಗುತ್ತದೆ. ಆದರೆ ಥೈರಾಯ್ಡಿನದೇ ಇನ್ನೊಂದು ಬಗೆ, ಮೆಡ್ಯುಲರಿ ಕ್ಯಾನ್ಸರ್‌ನಲ್ಲಿ, ಸೋಂಕೇ ಇಲ್ಲದೆ ಪ್ರೊಕ್ಯಾಲ್ಸಿಟೋನಿನ್ ಆಕಾಶಕ್ಕೆ ಏರಬಹುದು. ಕ್ಯಾಲ್ಸಿಟೋನಿನ್ ಮಾಡುವ ಕೋಶಗಳ ಗಡ್ಡೆ ಅದು. ನಿಮ್ಮ ತಂದೆಯದು ಆ ಬಗೆ ಅಲ್ಲ, ಬಯಾಪ್ಸಿ ಸ್ಪಷ್ಟವಾಗಿಯೇ ಹೇಳಿದೆ.

ಪೆಟ್ ಸ್ಕ್ಯಾನ್ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಇಲ್ಲಿ ತಪ್ಪು ತಿಳಿಯುವುದು ಸುಲಭ. ಆ ಸ್ಕ್ಯಾನ್ ಸಕ್ಕರೆಯಂಥ ವಸ್ತುವನ್ನು ಯಾವ ಕೋಶ ಹೆಚ್ಚು ತಿನ್ನುತ್ತದೆ ಎಂದು ತೋರಿಸುತ್ತದೆ. ಕ್ಯಾನ್ಸರ್ ಕೋಶ ಜಾಸ್ತಿ ತಿನ್ನುತ್ತದೆ ನಿಜ. ಹಗಲೂ ರಾತ್ರಿ ದುಡಿಯುತ್ತಿರುವ ಮಜ್ಜೆಯೂ ಜಾಸ್ತಿ ತಿನ್ನುತ್ತದೆ. ಹಾಗಾಗಿ ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು ಎಲ್ಲವೂ ಒಂದೇ ಸಮನಾಗಿ ಹೊಳೆದರೆ, ಜೊತೆಗೆ ಗುಲ್ಮವೂ ಕೊಂಚ ಹೊಳೆದರೆ, ಅದು ಹೆಚ್ಚಾಗಿ ಕೆಲಸದ ಭರಾಟೆ. ಕ್ಯಾನ್ಸರ್ ಮೂಳೆಗೆ ಹಬ್ಬಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ, ಹೆಚ್ಚು ಕಡಿಮೆಯಾಗಿ ಹೊಳೆಯುತ್ತದೆ. ಸಿಟಿ ಚಿತ್ರದಲ್ಲಿ ಅದೇ ಜಾಗದ ಮೂಳೆ ಕೆಟ್ಟಿರುವುದೂ ಹಲವು ಸಲ ಕಾಣುತ್ತದೆ. "ಹೊಳಪು ಸಮನಾಗಿದೆಯಾ, ಚುಕ್ಕೆ ಚುಕ್ಕೆಯಾಗಿದೆಯಾ?" ಇಷ್ಟನ್ನು ಸ್ಕ್ಯಾನ್ ಓದಿದ ವೈದ್ಯರಲ್ಲಿ ಕೇಳಿ. ಈ ಒಂದು ಉತ್ತರದ ಮೇಲೆ ರೋಗದ ಹಂತವೇ ಬದಲಾಗಬಹುದು. ಅನಾಪ್ಲಾಸ್ಟಿಕ್ ಕ್ಯಾನ್ಸರನ್ನು ಯಾವಾಗ ಕಂಡರೂ ನಾಲ್ಕನೇ ಹಂತ ಎಂದೇ ಎಣಿಸುತ್ತಾರೆ. ಆದರೆ ಆ ನಾಲ್ಕರೊಳಗೆ ಎ, ಬಿ, ಸಿ ಇದೆ. ದೂರಕ್ಕೆ ಹರಡಿದ್ದು ಸಿ. ಸುಮ್ಸುಮ್ನೆ ಸಿ ಎಂದು ಬರೆದುಬಿಟ್ಟರೆ ಮಾಡಬಹುದಾಗಿದ್ದ ಚಿಕಿತ್ಸೆ ಕೈತಪ್ಪಬಹುದು.

ಈಗ ಲ್ಯುಕೇಮಿಯಾ ಅಲ್ಲ ಎಂದು ಹೇಗೆ ಹೇಳುತ್ತೇನೆ ಅಂತ. ತೀವ್ರ ಲ್ಯುಕೇಮಿಯಾದಲ್ಲಿ ರಕ್ತದಲ್ಲಿ ಸಾಮಾನ್ಯವಾಗಿ ಬ್ಲಾಸ್ಟ್ ಕಾಣಬೇಕು, ಪ್ಲೇಟ್‌ಲೆಟ್ ಬೀಳುವುದೇ ಹೆಚ್ಚು. ನಿಮ್ಮಲ್ಲಿ ಎರಡೂ ಇಲ್ಲ. ನಿಧಾನವಾಗಿ ಬರುವ ಸಿಎಂಎಲ್ ಎಂಬ ಬಗೆ ಮಾತ್ರ ಕೊಂಚ ಗೊಂದಲ ಮಾಡಬಲ್ಲದು. ಅದರಲ್ಲಿ ಎಲ್ಲ ವಯಸ್ಸಿನ ಕಣಗಳೂ ರಕ್ತಕ್ಕೆ ಬರುತ್ತವೆ, ಬೇಸೋಫಿಲ್ ಎಂಬ ಬಗೆಯ ಬಿಳಿ ಕಣ ಏರುತ್ತದೆ, ಗುಲ್ಮ ದಪ್ಪವಾಗುತ್ತದೆ. ಅದನ್ನು ಪಕ್ಕಾ ಮಾಡಲು ಬಿಸಿಆರ್-ಎಬಿಎಲ್ ಎಂಬ ರಕ್ತ ಪರೀಕ್ಷೆ ಸಾಕು. ಒಮ್ಮೆ ಮಾಡಿಸಿ, ಸಂಶಯ ತೀರಿಸಿಕೊಳ್ಳಿ. ಮಜ್ಜೆಯ ಬಯಾಪ್ಸಿ ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಸ್ಮಿಯರ್‌ನಲ್ಲಿ ಬ್ಲಾಸ್ಟ್ ಬಂದರೆ, ಬೀಜ ಇರುವ ಕೆಂಪುಕಣ ಅಥವಾ ಕಣ್ಣೀರ ಹನಿ ಆಕಾರದ ಕೆಂಪುಕಣ ಕಂಡರೆ, ಪ್ಲೇಟ್‌ಲೆಟ್ ಬೀಳತೊಡಗಿದರೆ, ಆಗ ಬೇಕಾಗುತ್ತದೆ. ರಕ್ತದಲ್ಲಿ ಜಿ-ಸಿಎಸ್‌ಎಫ್ ಎಷ್ಟಿದೆ ಎಂದು ಅಳೆಯಬಹುದು, ಎಲ್ಲ ಲ್ಯಾಬ್‌ಗಳಲ್ಲಿ ಆಗುವುದಿಲ್ಲ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ಓಡಾಡಬೇಡಿ.

ಸ್ಟೀರಾಯ್ಡ್ ಕೊಡುತ್ತಿದ್ದಾರಾ ಎಂದು ನೀವು ಬರೆದಿಲ್ಲ. ಉಸಿರಿನ ದಾರಿ ಬಿಗಿಯಾದಾಗ ಡೆಕ್ಸಾಮೆಥಸೋನ್ ಕೊಡುವುದು ಉಂಟು. ನ್ಯೂಟ್ರೋಫಿಲ್‌ಗಳಲ್ಲಿ ಅರ್ಧದಷ್ಟು ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ, ರಕ್ತ ಪರೀಕ್ಷೆಯ ಲೆಕ್ಕಕ್ಕೆ ಸಿಗುವುದಿಲ್ಲ. ಸ್ಟೀರಾಯ್ಡ್ ಅವನ್ನು ಬಿಡಿಸಿ ಹರಿವಿಗೆ ತರುತ್ತದೆ, ಗಂಟೆಗಳೊಳಗೆ ಕೌಂಟ್ ಏರುತ್ತದೆ. ಹೆಚ್ಚಾಗಿ 15,000-20,000ದ ಆಸುಪಾಸು. 52,000ಕ್ಕೆ ಅದೊಂದೇ ಕಾರಣ ಆಗಲಾರದು, ಆದರೆ ಮೇಲೊಂದಿಷ್ಟು ಸೇರಿಸಿರಬಹುದು. ಬೇರೆ ಕಡೆ ಕೀಮೋ ಆಗಿ ಫಿಲ್‌ಗ್ರಾಸ್ಟಿಮ್ ಕೊಟ್ಟಿದ್ದರೆ ಅದನ್ನೂ ಹೇಳಿ. ಇಷ್ಟು ಸರಳ ಕಾರಣವನ್ನು ಕೇಳುವುದಕ್ಕೇ ಮರೆತು ದೊಡ್ಡ ದೊಡ್ಡ ಪರೀಕ್ಷೆಗೆ ಹೋದದ್ದನ್ನು ನೋಡಿದ್ದೇನೆ.

ಇನ್ನು ಸೋಂಕು. ಗಡ್ಡೆಯೇ ಕಾರಣ ಎಂದು ಹೇಳುವ ಮೊದಲು ಸೋಂಕನ್ನು ಹುಡುಕಲೇಬೇಕು, ನಿಮ್ಮ ವೈದ್ಯರು ಹುಡುಕಿದ್ದರಲ್ಲಿ ತಪ್ಪಿಲ್ಲ. ದನಿ ಒಡೆದಿದೆ ಅಂದರೆ ಒಂದು ಸ್ವರತಂತು ಅಲ್ಲಾಡದೆ ಇರಬಹುದು. ಅಂಥವರಲ್ಲಿ ನೀರು, ಊಟ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಸಾಮಾನ್ಯ. ಸತ್ತ ಗಡ್ಡೆಯ ಭಾಗಕ್ಕೆ ಸೋಂಕು ತಗಲಬಹುದು. ಕೈಗೆ, ಕುತ್ತಿಗೆಗೆ ಹಾಕಿದ ಲೈನ್, ಮೂತ್ರದ ನಳಿಕೆ, ಎಲ್ಲವನ್ನೂ ನೋಡಬೇಕು. ಎದೆಯ ಸಿಟಿ, ಎರಡು ಜಾಗದಿಂದ ತೆಗೆದ ರಕ್ತದ ಕಲ್ಚರ್, ಮೂತ್ರದ ಕಲ್ಚರ್, ಕುತ್ತಿಗೆಯ ಸ್ಕ್ಯಾನ್. ಒಂದು ಸಲ ಚೆನ್ನಾಗಿ, ಎರಡು ಮೂರು ದಿನದೊಳಗೆ ಹುಡುಕಿ. ಸಿಕ್ಕರೆ ಚಿಕಿತ್ಸೆ. ಸಿಗದಿದ್ದರೆ ಹುಡುಕುವುದನ್ನೇ ಚಿಕಿತ್ಸೆ ಮಾಡಿಕೊಂಡು ಕೂರಬಾರದು.

ಇದನ್ನು ಒತ್ತಿ ಹೇಳಲು ನನಗೆ ಕಾರಣ ಇದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರು ಕುತ್ತಿಗೆ ಊತ, ನೋವು, ಜ್ವರ, 30,000ದ ಕೌಂಟ್ ಹಿಡಿದು ಬಂದಿದ್ದರು. ಸೂಜಿ ಹಾಕಿದಾಗ ಕೀವಿನಂಥ ದ್ರವ ಬಂತು. ಥೈರಾಯ್ಡಿನಲ್ಲಿ ಕೀವು ಕಟ್ಟಿದೆ ಎಂದು ಆಂಟಿಬಯೋಟಿಕ್ ಶುರು ಮಾಡಿದೆ. ಕೌಂಟ್ ಇಳಿಯಲಿಲ್ಲ. ಇನ್ನೂ ಬಲವಾದದ್ದು ಕೊಟ್ಟೆ. ಹತ್ತು ದಿನ ಹೋಯಿತು. ಕೊನೆಗೆ ದಪ್ಪ ಸೂಜಿಯಿಂದ ತುಂಡು ತೆಗೆದಾಗ ಅನಾಪ್ಲಾಸ್ಟಿಕ್ ಕ್ಯಾನ್ಸರ್. ನಾನು ಕೀವು ಅಂದುಕೊಂಡದ್ದು ಗಡ್ಡೆಯ ಸತ್ತ ತಿರುಳು ಮತ್ತು ಗಡ್ಡೆಯೇ ಕರೆಸಿಕೊಂಡ ನ್ಯೂಟ್ರೋಫಿಲ್‌ಗಳು. ಆ ಹತ್ತು ದಿನದಲ್ಲಿ ಗಂಟು ಶ್ವಾಸನಾಳವನ್ನು ಒತ್ತತೊಡಗಿತ್ತು. ಅಂದಿನಿಂದ, ವಯಸ್ಸಾದವರ ಥೈರಾಯ್ಡಿನಲ್ಲಿ ಕೀವು ಎಂದರೆ ನಾನು ಮೊದಲು ಪೆಥಾಲಜಿಸ್ಟ್‌ಗೆ ಫೋನ್ ಮಾಡುತ್ತೇನೆ.

ನಿಮ್ಮ ಎರಡನೇ ಪ್ರಶ್ನೆ, ಕೌಂಟ್ ಇಳಿಸುವ ಔಷಧ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಇದೆ, ರಕ್ತದ ಕ್ಯಾನ್ಸರ್‌ಗಳಲ್ಲಿ ಬಳಸುತ್ತಾರೆ. ಇಲ್ಲಿ ನಾನು ಕೊಡುವುದಿಲ್ಲ. 52,000 ಎಂಬ ಸಂಖ್ಯೆ ನೋಡಲು ಭಯ, ಆದರೆ ಬಲಿತ ನ್ಯೂಟ್ರೋಫಿಲ್‌ಗಳು ಮೆತ್ತಗಿರುತ್ತವೆ, ಸಣ್ಣ ನಾಳಗಳಲ್ಲೂ ಬಾಗಿ ನುಸುಳುತ್ತವೆ. ರಕ್ತನಾಳ ಕಟ್ಟಿಕೊಳ್ಳುವ ತೊಂದರೆ ಬರುವುದು ಮುಖ್ಯವಾಗಿ ತೀವ್ರ ಲ್ಯುಕೇಮಿಯಾದಲ್ಲಿ, ಬಿಗಿಯಾದ ಬ್ಲಾಸ್ಟ್ ಕೋಶಗಳು ಒಂದು ಲಕ್ಷ ದಾಟಿದಾಗ. ಇಲ್ಲಿ ಕಣಗಳನ್ನು ಕಡಿಮೆ ಮಾಡಿದರೆ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಸಂದೇಶ ಕಳಿಸುವವನು ಹಾಗೇ ಕೂತಿರುತ್ತಾನೆ.

ಅದಕ್ಕಿಂತ ತುರ್ತಾಗಿ ನೋಡಬೇಕಾದದ್ದು ಕ್ಯಾಲ್ಸಿಯಂ. ನೀವು ಕಳಿಸಿದ್ದರಲ್ಲಿ ಅದು ಇಲ್ಲ. ಜಿ-ಸಿಎಸ್‌ಎಫ್ ಸುರಿಸುವ ಗಡ್ಡೆಗಳಲ್ಲಿ ಕೆಲವು ಪಿಟಿಎಚ್‌ಆರ್‌ಪಿ ಎಂಬ ಇನ್ನೊಂದು ಪ್ರೋಟೀನನ್ನೂ ಸುರಿಸುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ತೂಕಡಿಕೆ, ಮಾತಿನಲ್ಲಿ ಗೊಂದಲ. "ಕ್ಯಾನ್ಸರ್ ಸುಸ್ತು" ಎಂದು ಮನೆಯವರು ಸುಮ್ಮನಾಗಿಬಿಡುತ್ತಾರೆ. ಇವು ಇದ್ದರೆ ಇಂದೇ ಪರೀಕ್ಷೆ ಮಾಡಿಸಿ, ಆಲ್ಬುಮಿನ್ ಜೊತೆಗೆ ಲೆಕ್ಕ ಹಾಕಿಸಿ. ಆಲ್ಬುಮಿನ್ ಕಡಿಮೆ ಇದ್ದಾಗ ಒಟ್ಟು ಕ್ಯಾಲ್ಸಿಯಂ ಅಂಕಿ ಸುಳ್ಳು ಹೇಳುತ್ತದೆ. ಡ್ರಿಪ್ ಮತ್ತು ಝೋಲೆಡ್ರಾನಿಕ್ ಆಸಿಡ್‌ನಿಂದ ಇದು ಕೆಲವೇ ದಿನದಲ್ಲಿ ಇಳಿಯುತ್ತದೆ, ಮನುಷ್ಯ ಎದ್ದು ಕೂರುತ್ತಾನೆ.

ಕಾಯುವುದು ಸರಿಯಾ ಎಂಬ ಮೂರನೇ ಪ್ರಶ್ನೆಗೆ ನನ್ನ ಉತ್ತರ: ಸೋಂಕಿನ ಹುಡುಕಾಟ ಸರಿಯಾಗಿ ಮುಗಿದಿದ್ದರೆ, ಇಲ್ಲ. ಕೌಂಟ್ ಇಳಿದ ಮೇಲೆ ಚಿಕಿತ್ಸೆ ಎನ್ನುವುದು ಇಲ್ಲಿ ತಲೆಕೆಳಗಾದ ಮಾತು. ಚಿಕಿತ್ಸೆ ಕೆಲಸ ಮಾಡಿದರೆ ಕೌಂಟ್ ಇಳಿಯುತ್ತದೆ. ಇಂಥ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದವರಲ್ಲಿ ಕೆಲವೇ ದಿನಗಳಲ್ಲಿ ಕೌಂಟ್ ಸಹಜಕ್ಕೆ ಬಂದದ್ದು, ಗಡ್ಡೆ ಮರಳಿದಾಗ ಮತ್ತೆ ಏರಿದ್ದು ಹಲವು ವರದಿಗಳಲ್ಲಿದೆ. ವೈದ್ಯರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಸೋಂಕಿರುವವರಿಗೆ ಕೀಮೋ ಕೊಟ್ಟರೆ ಪ್ರಾಣಕ್ಕೇ ಬರುತ್ತದೆ. ಆ ಭಯ ಇರಬೇಕಾದದ್ದೇ. ಆದರೆ ಈ ಕ್ಯಾನ್ಸರಿನಲ್ಲಿ ವಾರ ಎನ್ನುವುದು ದೊಡ್ಡ ಅವಧಿ.

ನಾಳೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಬಿಆರ್‌ಎಎಫ್ ಎಂಬ ಜೀನಿನಲ್ಲಿ ವಿ600ಇ ಎಂಬ ಬದಲಾವಣೆ ಇದೆಯಾ ಎಂದು ನೋಡುವ ಪರೀಕ್ಷೆಗೆ ಕಳಿಸಿದ್ದಾರಾ? ಬಯಾಪ್ಸಿ ತುಂಡಿಗೆ ಬಣ್ಣ ಹಾಕಿ ಒಂದೆರಡು ದಿನದಲ್ಲೇ ಸೂಚನೆ ಪಡೆಯಬಹುದು, ಪೂರ್ತಿ ಜೀನ್ ರಿಪೋರ್ಟ್ ಬರಲು ಹೆಚ್ಚು ದಿನ ಬೇಕು. ಈ ಬದಲಾವಣೆ ಅನಾಪ್ಲಾಸ್ಟಿಕ್ ರೋಗಿಗಳಲ್ಲಿ ಸಣ್ಣ ಪಾಲಲ್ಲ. ಅದು ಇದ್ದರೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಮಾತ್ರೆಗಳ ಜೋಡಿ ಕೊಡಬಹುದು. 2018ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಈ ಕ್ಯಾನ್ಸರಿಗೆ ಅದನ್ನು ಒಪ್ಪಿತು. ಗಂಟು ಕರಗಿ, ಮೊದಲು ಆಗದು ಎಂದಿದ್ದ ಆಪರೇಷನ್ ಆಮೇಲೆ ಸಾಧ್ಯವಾದವರಿದ್ದಾರೆ. ಮಾಮೂಲಿ ಕೀಮೋ ಹಾಗೆ ಇವು ಮಜ್ಜೆಯನ್ನು ಬಡಿದುಹಾಕುವುದಿಲ್ಲ, ಹಾಗಾಗಿ ಕೌಂಟ್ ನೆಪದಲ್ಲಿ ಕಾಯುವ ಕಾರಣ ಇನ್ನೂ ಕಡಿಮೆ. ಒಂದು ಎಚ್ಚರಿಕೆ: ಈ ಮಾತ್ರೆಗಳೇ ಹಲವರಿಗೆ ಜ್ವರ ತರುತ್ತವೆ. ಆಗ ಮತ್ತೆ "ಸೋಂಕಾ?" ಎಂಬ ಅದೇ ಪ್ರಶ್ನೆ ಏಳುತ್ತದೆ. ಕೌಂಟ್ ಇಳಿಯುತ್ತಿದ್ದು, ಜ್ವರ ಮಾತ್ರ ಬಂದರೆ ಮಾತ್ರೆಯ ಮೇಲೆ ಸಂಶಯ ಹೆಚ್ಚು. ಆದರೂ ಅದನ್ನು ವೈದ್ಯರೇ ನೋಡಿ ಹೇಳಬೇಕು.

ಈ ಬದಲಾವಣೆ ಇಲ್ಲದಿದ್ದರೆ ದಾರಿ ಕಿರಿದಾಗುತ್ತದೆ. ಆಪರೇಷನ್ ಆಗುವಂತಿದ್ದರೆ ಅದು, ರೇಡಿಯೇಷನ್ ಮತ್ತು ಕೀಮೋ ಜೋಡಿ, ಕೆಲವು ಕಡೆ ಲೆನ್ವಾಟಿನಿಬ್ ಎಂಬ ಔಷಧ ಅಥವಾ ಇಮ್ಯುನೋಥೆರಪಿ.

ಮುಚ್ಚಿಡುವುದಿಲ್ಲ ಎಂದಿದ್ದೆ. ಅನಾಪ್ಲಾಸ್ಟಿಕ್ ಕ್ಯಾನ್ಸರಿನಲ್ಲಿ ಹಳೆಯ ಲೆಕ್ಕದಂತೆ ಅರ್ಧದಷ್ಟು ಜನ ಬದುಕುತ್ತಿದ್ದದ್ದು ಸುಮಾರು ಐದು ತಿಂಗಳು. ಹೊಸ ಮಾತ್ರೆಗಳು ಕೆಲವರಿಗೆ ಇದನ್ನು ಬದಲಿಸಿವೆ. ಆದರೆ ಕೌಂಟ್ ಹೀಗೆ ಏರಿದವರಲ್ಲಿ ರೋಗ ಇನ್ನೂ ಬಿರುಸಾಗಿರುತ್ತದೆ ಎಂಬುದು ಹಲವು ಕಡೆ ಕಂಡ ಅನುಭವ. ಹಾಗಾಗಿ ಚಿಕಿತ್ಸೆಯ ಮಾತಿನ ಜೊತೆಗೇ, ಅದು ಮುಗಿದ ಮೇಲೆ ಅಲ್ಲ, ಪ್ಯಾಲಿಯೇಟಿವ್ ತಂಡದವರನ್ನೂ ಕರೆಸಿ. ನೋವು, ಊಟ, ಉಸಿರು ನೋಡಿಕೊಳ್ಳುವವರು ಅವರು. ಉಸಿರು ಕಟ್ಟಿದರೆ ಗಂಟಲಿಗೆ ನಳಿಕೆ ಹಾಕಿಸಬೇಕೇ ಎಂಬುದನ್ನು ತಂದೆ ಸ್ಪಷ್ಟವಾಗಿ ಮಾತಾಡುತ್ತಿರುವಾಗಲೇ, ಅವರನ್ನೇ ಕೇಳಿ. ಮಕ್ಕಳು ಸೇರಿ ಹೊರಗೆ ನಿಂತು ತೀರ್ಮಾನಿಸುವ ವಿಷಯ ಅಲ್ಲ ಅದು.

ಕೌಂಟ್ ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಚಿಕಿತ್ಸೆ ಶುರುವಾಗುವ ದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಸಾಕು. ದಿನವೂ ತೆಗೆಸಿ ಅಂಕಿ ನೋಡುತ್ತಾ ಕೂರುವುದರಿಂದ ರಕ್ತವೂ ನಷ್ಟ, ಮನಸ್ಸೂ ಕೆಡುತ್ತದೆ. ಅಂಕಿಗಿಂತ ಕಿವಿ ಮುಖ್ಯ. ಮಲಗಿದಾಗ ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು ಬಂದರೆ, ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ, ಕೌಂಟ್ ಎಷ್ಟೇ ಇರಲಿ, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.